ಬಿಎಂಟಿಸಿ ಎಲೆಕ್ಟ್ರಿಕ್ ಬಸ್‌ಗಳನ್ನು ಕೊಳ್ಳುತ್ತದೆಯೋ, ಬಾಡಿಗೆಗೆ ಪಡೆಯುತ್ತದೆಯೋ?

ಹೆಚ್ಚುಕಮ್ಮಿ ಬಾಡಿಗೆ ಅಂತಲೇ ಹೇಳಬಹುದು. ಡೀಸೆಲ್ ಬಸ್ಸಾದರೆ ಸಾಮಾನ್ಯವಾಗಿ ನಿಗಮವೇ ಟೆಂಡರ್ ಕರೆದು, ದುಡ್ಡು ಕೊಟ್ಟು ಕೊಳ್ಳುತ್ತದೆ. ಆಮೇಲೆ ಡ್ರೈವರ್, ರಿಪೇರಿ ಎಲ್ಲ ಅದರದ್ದೇ ತಲೆನೋವು. ಎಲೆಕ್ಟ್ರಿಕ್ ಬಸ್ಸಿನ ಬೆಲೆ ಜಾಸ್ತಿ, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೋ ಎಂಬ ಅಳುಕು ಬೇರೆ. ಅದಕ್ಕೇ ‘ಗ್ರಾಸ್ ಕಾಸ್ಟ್ ಕಾಂಟ್ರಾಕ್ಟ್’ ಬಂತು. ಬಸ್ಸು, ಡ್ರೈವರ್, ನಿರ್ವಹಣೆ ಕಂಪನಿಯದು. ಕಂಡಕ್ಟರ್, ರೂಟ್, ಟಿಕೆಟ್ ದುಡ್ಡು ಬಿಎಂಟಿಸಿಯದು. ಓಡಿದ ಕಿಲೋಮೀಟರ್‌ಗೆ ಇಷ್ಟು ಅಂತ ಕಂಪನಿಗೆ ಹಣ.

2022ರಲ್ಲಿ ಕೇಂದ್ರ ಸರ್ಕಾರದ ಸಿಇಎಸ್‌ಎಲ್ (ಕನ್ವರ್ಜೆನ್ಸ್ ಎನರ್ಜಿ ಸರ್ವಿಸಸ್) ಸಂಸ್ಥೆ ಬೆಂಗಳೂರು, ದೆಹಲಿ, ಹೈದರಾಬಾದ್, ಕೋಲ್ಕತ್ತ, ಸೂರತ್ ಐದೂ ನಗರಗಳ ಬೇಡಿಕೆ ಸೇರಿಸಿ 5,450 ಬಸ್‌ಗಳಿಗೆ ಒಂದೇ ಟೆಂಡರ್ ಕರೆಯಿತು. ಸಗಟು ವ್ಯವಹಾರ ಅಲ್ವಾ, ಕಿಲೋಮೀಟರ್ ದರ ಇಳಿಯಿತು. ಬೆಂಗಳೂರಿನ ಪಾಲಿನ 921 ಬಸ್‌ಗಳ ಗುತ್ತಿಗೆ ಟಾಟಾ ಕಂಪನಿಗೆ ಸಿಕ್ಕಿತು, 12 ವರ್ಷದ ಒಪ್ಪಂದ.

ಇಲ್ಲಿ ನಿಜವಾಗಿ ನೋಡಬೇಕಾದ್ದು ‘ಖಾತ್ರಿ ಕಿಲೋಮೀಟರ್’ ಎಂಬ ಷರತ್ತು. ಒಂದು ಬಸ್ಸನ್ನು ದಿನಕ್ಕೆ 200 ಕಿ.ಮೀ. ಓಡಿಸುತ್ತೇವೆ ಅಂತ ನಿಗಮ ಕಂಪನಿಗೆ ಖಾತ್ರಿ ಕೊಟ್ಟಿದೆ ಅಂದುಕೊಳ್ಳಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬಸ್ಸು 160 ಮಾತ್ರ ಓಡಿದರೆ, ಉಳಿದ 40ಕ್ಕೂ ನಿಗಮ ಸ್ವಲ್ಪವಾದರೂ ಹಣ ಕೊಡಬೇಕಾಗಬಹುದು. ಬಸ್ಸು ಕೆಟ್ಟು ನಿಂತರೆ ಮಾತ್ರ ದಂಡ ಕಂಪನಿಗೆ. ಸೀಟು ಖಾಲಿ ಓಡಿದರೂ ನಷ್ಟ ನಿಗಮಕ್ಕೇ. ಹಾಗಾಗಿ ಸುಮ್ನೆ ಕಿ.ಮೀ. ದರ ನೋಡಿ ಅಗ್ಗ ಅನ್ನುವ ಹಾಗಿಲ್ಲ.