ಕುಡಿದು ಗುದ್ದಿದವರು ಪೊಲೀಸರೇ ಆದರೆ? – ಓದುಗರ ಕಾನೂನು ಪ್ರಶ್ನೋತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಒಂದೇ ವಿಷಯದವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು, ಠಾಣೆಯ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ (ಶಿರಾ ತಾಲ್ಲೂಕು): ಹೆದ್ದಾರಿಯಲ್ಲಿ ನಮ್ಮ ಭಾವನವರ ಬೈಕಿಗೆ ಹಿಂದಿನಿಂದ ಕಾರು ಗುದ್ದಿ ಅವರು ಸ್ಥಳದಲ್ಲೇ ತೀರಿಕೊಂಡರು. ಕಾರು ಓಡಿಸುತ್ತಿದ್ದವರು ಪೊಲೀಸ್ ಇಲಾಖೆಯವರು, ಅಂದು ರಜೆಯಲ್ಲಿದ್ದರು. ಕುಡಿದಿದ್ದರು ಎಂದು ನೋಡಿದವರು ಹೇಳುತ್ತಾರೆ. ಠಾಣೆಯಲ್ಲೇ ಜಾಮೀನು ಕೊಟ್ಟು ಮನೆಗೆ ಕಳಿಸಿದರು. ಪೊಲೀಸರಿಗೆ ಬೇರೆ ಕಾನೂನು ಇದೆಯೇ?

ಉತ್ತರ: ಬೇರೆ ಕಾನೂನು ಇಲ್ಲ. ನೀವು ಮೊದಲು ನೋಡಬೇಕಾದದ್ದು ಎಫ್‌ಐಆರ್‌ನಲ್ಲಿ ಯಾವ ಕಲಂ ಹಾಕಿದ್ದಾರೆ ಎಂಬುದನ್ನು. ಭಾರತೀಯ ನ್ಯಾಯ ಸಂಹಿತೆಯ 106(1) ಎಂದರೆ ನಿರ್ಲಕ್ಷ್ಯದಿಂದ ಸಾವು. ಗರಿಷ್ಠ 5 ವರ್ಷ ಜೈಲು, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ವಿಚಾರಣೆ, ಜಾಮೀನು ಸಿಗುವ ಅಪರಾಧ. ಈ ಕಲಂನಡಿ ಕೂಲಿ ಮಾಡುವವರನ್ನು ಹಿಡಿದರೂ ಠಾಣೆಯಲ್ಲೇ ಜಾಮೀನು ಕೊಡಬೇಕು. ಆದ್ದರಿಂದ ಜಾಮೀನು ಸಿಕ್ಕಿತು ಎಂಬುದೊಂದನ್ನೇ ಹಿಡಿದು ಪಕ್ಷಪಾತ ಎನ್ನಲಾಗದು.

ಕೇಳಬೇಕಾದ ಪ್ರಶ್ನೆ, 105 ಯಾಕೆ ಹಾಕಲಿಲ್ಲ ಎಂಬುದು. ಅದು ಕೊಲೆಯಲ್ಲದ ಮಾನವ ಹತ್ಯೆ. ಹೀಗೆ ಮಾಡಿದರೆ ಜನ ಸಾಯಬಹುದು ಎಂಬ ಅರಿವಿದ್ದೂ ಮಾಡಿದ್ದಾರೆ ಎಂದು ಸಾಬೀತಾದರೆ 10 ವರ್ಷದವರೆಗೆ ಶಿಕ್ಷೆ. ಜಾಮೀನು ಠಾಣೆಯಲ್ಲಿ ಸಿಗುವುದಿಲ್ಲ, ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ. ಮುಂಬೈನ ಕಾರ್ಟರ್ ರಸ್ತೆಯಲ್ಲಿ 2006ರಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ 7 ಮಂದಿಯ ಮೇಲೆ ಕಾರು ಹರಿದ ಪ್ರಕರಣದಲ್ಲೂ, ದೆಹಲಿಯಲ್ಲಿ 1999ರಲ್ಲಿ ಬಿಎಂಡಬ್ಲ್ಯು ಕಾರು 6 ಮಂದಿಯನ್ನು ಬಲಿ ತೆಗೆದುಕೊಂಡ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ 2012ರಲ್ಲಿ ಈಗಿನ 105ಕ್ಕೆ ಸಮನಾದ ಹಳೆಯ ಐಪಿಸಿ 304ರ ಎರಡನೇ ಭಾಗವನ್ನೇ ಎತ್ತಿಹಿಡಿಯಿತು. ದೆಹಲಿಯಲ್ಲಿ ಸತ್ತ ಆರು ಮಂದಿಯಲ್ಲಿ ಮೂವರು ಪೊಲೀಸರೇ ಆಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.

ಕುಡಿದಿದ್ದರು ಎಂದ ಮಾತ್ರಕ್ಕೆ 105 ತಾನಾಗಿ ಬರುವುದಿಲ್ಲ. ವೇಗ, ರಾಂಗ್ ಸೈಡ್, ಜನಜಂಗುಳಿ, ಜೊತೆಯಲ್ಲಿದ್ದವರು ನಿಧಾನಿಸು ಎಂದರೂ ಕೇಳದಿರುವುದು, ಗುದ್ದಿದ ಮೇಲೂ ಎಳೆದುಕೊಂಡು ಹೋಗಿರುವುದು, ಇಂಥ ಸಂಗತಿ ಕುಡಿತದ ಜೊತೆ ಸೇರಬೇಕು. ದಿನನಿತ್ಯ ಡ್ರಂಕ್ ಅಂಡ್ ಡ್ರೈವ್ ಕೇಸು ಹಾಕುವ ಇಲಾಖೆಯವರಿಗೆ ಅಪಾಯದ ಅರಿವು ಇರಲಿಲ್ಲ ಎಂದು ವಾದಿಸುವುದು ಕಷ್ಟ. ನಿಮ್ಮ ವಕೀಲರು ಈ ಅಂಶವನ್ನು ಲಿಖಿತವಾಗಿ ಎತ್ತಲಿ. 106ರ ಜೊತೆ ಕುಡಿದು ಓಡಿಸಿದ್ದಕ್ಕೆ ಹಾಕುವ ಮೋಟಾರು ವಾಹನ ಕಾಯ್ದೆಯ 185 ಇದೆಯೇ ಎಂದೂ ನೋಡಿ. ಅದು ಇಲ್ಲದಿದ್ದರೆ ಕುಡಿತದ ಮಾತೇ ಕಡತದಲ್ಲಿ ಇಲ್ಲದಿರಬಹುದು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಕೊಡಲು ಸತಾಯಿಸಿದರೆ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಹುಡುಕಿ.

ಪ್ರಶ್ನೆ (ಕೋಲಾರ): ರಾತ್ರಿ 11ಕ್ಕೆ ಅಪಘಾತ, ರಕ್ತ ತೆಗೆದದ್ದು ಬೆಳಗಿನ ಜಾವ 4ಕ್ಕೆ. ಮದ್ಯದ ಅಂಶ ಇಲ್ಲ ಎಂದು ವರದಿ ಬಂದಿದೆ. ಕೇಸು ಅಲ್ಲಿಗೆ ಮುಗಿಯಿತೇ?

ಉತ್ತರ: ಮುಗಿಯಲಿಲ್ಲ. ಆದರೆ ಹೋದ ಐದು ಗಂಟೆಗಳಲ್ಲಿ ಏನಾಯಿತು ಎಂಬುದು ನಿಮಗೆ ಗೊತ್ತಿರಬೇಕು. ಅಸಮಾನತೆ ಎಂಬುದು ನುಸುಳುವ ಜಾಗವೇ ಇದು.

ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ದೇಹ ಗಂಟೆಗೆ ಸುಮಾರು 15ರಿಂದ 20 ಮಿಲಿಗ್ರಾಂನಂತೆ ಮದ್ಯವನ್ನು ಕರಗಿಸುತ್ತದೆ. ಗುದ್ದಿದಾಗ ಮಿತಿಯ ಮೂರರಷ್ಟು, ಅಂದರೆ 90 ಇತ್ತು ಎಂದುಕೊಳ್ಳಿ. ಐದು ಗಂಟೆಯಲ್ಲಿ 75ರಿಂದ 100ರಷ್ಟು ಇಳಿಯುತ್ತದೆ. ಉಳಿಯುವುದು ಹೆಚ್ಚೆಂದರೆ 15, ಇಲ್ಲವೇ ಸೊನ್ನೆ. ವರದಿ ಸುಳ್ಳಲ್ಲ, ತೆಗೆದ ಹೊತ್ತು ತಪ್ಪು. ಸ್ವಲ್ಪವಾದರೂ ಅಂಶ ಉಳಿದಿದ್ದರೆ ವಿಧಿವಿಜ್ಞಾನ ತಜ್ಞರು ಹಿಂದಕ್ಕೆ ಲೆಕ್ಕ ಹಾಕಿ ಅಭಿಪ್ರಾಯ ಹೇಳಬಲ್ಲರು. ಸೊನ್ನೆಗೆ ಇಳಿದ ಮೇಲೆ ಆ ದಾರಿಯೂ ಇಲ್ಲ.

ಹಾಗಾಗಬಾರದೆಂದೇ ಮೋಟಾರು ವಾಹನ ಕಾಯ್ದೆಯಲ್ಲಿ ಗಡುವು ಇದೆ. 203ರಂತೆ ಸಮವಸ್ತ್ರದಲ್ಲಿರುವ ಪೊಲೀಸರು ಆದಷ್ಟು ಬೇಗ ಉಸಿರಿನ ಪರೀಕ್ಷೆ ಮಾಡಬೇಕು. 185ರಡಿ ಬಂಧಿಸಿದರೆ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು ಎನ್ನುತ್ತದೆ 202. ಆರೋಪಿ ಸಹೋದ್ಯೋಗಿಯಾದಾಗ ಬಂಧನವನ್ನೇ ಬೆಳಿಗ್ಗೆ ತೋರಿಸಿದರೆ ಗಡುವೂ ಬೆಳಿಗ್ಗೆಯಿಂದಲೇ ಶುರುವಾಗುತ್ತದೆ. ಬಂಧನದ ಸಮಯ ಮತ್ತು ಅಪಘಾತದ ಸಮಯದ ನಡುವಿನ ಅಂತರವನ್ನು ಅದಕ್ಕೇ ಹುಡುಕಬೇಕು. ಪರೀಕ್ಷೆಗೆ ನಿರಾಕರಿಸಿದ್ದರೆ ಆ ನಿರಾಕರಣೆಯೇ ಸರ್ಕಾರಿ ಪಕ್ಷದ ಸಾಕ್ಷ್ಯಕ್ಕೆ ಬಲ ಎಂದು 205ರಂತೆ ನ್ಯಾಯಾಲಯ ಭಾವಿಸಬಹುದು. ಬಂಧಿತರ ರಕ್ತವನ್ನು ಅಗತ್ಯವಿದ್ದಷ್ಟು ಬಲ ಬಳಸಿಯೂ ತೆಗೆಸಲು ತನಿಖೆ, ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 51 ಅವಕಾಶ ಕೊಡುತ್ತದೆ. ಒಪ್ಪಲಿಲ್ಲ, ಬಿಟ್ಟೆವು ಎಂಬ ಉತ್ತರ ನಿಲ್ಲುವುದಿಲ್ಲ. ಎದೆನೋವು ಎಂದು ಆರೋಪಿ ಖಾಸಗಿ ಆಸ್ಪತ್ರೆಗೆ ದಾಖಲಾಗಿದ್ದರೆ ಮಾತು ಬೇರೆ. ಚಿಕಿತ್ಸೆಗೆ ತೊಂದರೆ ಎಂದು ನೋಡಿಕೊಳ್ಳುವ ವೈದ್ಯರು ಆಕ್ಷೇಪಿಸಿದರೆ ಕಾಯ್ದೆ ಅದನ್ನು ಮನ್ನಿಸುತ್ತದೆ. ಆಗ ಆ ಆಸ್ಪತ್ರೆಯ ಕೇಸ್ ಶೀಟ್ ಜಪ್ತಿ ಮಾಡಿಸಲು ಅರ್ಜಿ ಕೊಡಿ. ದಾಖಲಾದಾಗ ವೈದ್ಯರು ಬರೆದುಕೊಂಡ ಮೊದಲ ಸಾಲುಗಳು ಅದರಲ್ಲಿರುತ್ತವೆ.

ರಕ್ತ ತೆಗೆದ ರೀತಿಯನ್ನೂ ಕೇಳಿ. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಬಾರದು, ಒರೆಸಿದರೆ ವರದಿಯಲ್ಲಿ ಬಂದ ಮದ್ಯ ಸ್ಪಿರಿಟ್‌ನದ್ದು ಎಂದು ಆರೋಪಿ ಪರ ವಕೀಲರು ಎದ್ದು ನಿಲ್ಲುತ್ತಾರೆ. ಸೋಡಿಯಂ ಫ್ಲೋರೈಡ್ ಇರುವ, ಸಾಮಾನ್ಯವಾಗಿ ಬೂದು ಮುಚ್ಚಳದ ಟ್ಯೂಬ್ ಬೇಕು. ಸಾದಾ ಬಾಟಲಿಯಲ್ಲಿಟ್ಟರೆ ಸೂಕ್ಷ್ಮಜೀವಿಗಳಿಂದ ಮದ್ಯದ ಪ್ರಮಾಣ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಸೀಲು, ವೈದ್ಯರ ಸಹಿ, ಹೊತ್ತು, ಫ್ರಿಜ್‌ನಲ್ಲಿಟ್ಟ ದಾಖಲೆ, ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಒಯ್ದವರ ಹೆಸರು, ದಿನಾಂಕ ಎಲ್ಲವೂ ಒಂದಕ್ಕೊಂದು ಕೂಡಿಬರಬೇಕು. ಪುಣೆಯ 2024ರ ಪೋರ್ಷೆ ಪ್ರಕರಣದಲ್ಲಿ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದ ಮೇಲೆ ವೈದ್ಯರ ಬಂಧನವಾಯಿತು. ಅದು ಹೊರಬಿದ್ದದ್ದು ಬೇರೆ ಆಸ್ಪತ್ರೆಯಲ್ಲಿ ತೆಗೆದ ಎರಡನೇ ಮಾದರಿಯ ಡಿಎನ್‌ಎ ಹೋಲಿಸಿದಾಗ. ನಿಮಗೂ ಅನುಮಾನ ಗಟ್ಟಿಯಾಗಿದ್ದರೆ ಪ್ರಯೋಗಾಲಯದಲ್ಲಿ ಉಳಿದಿರುವ ಮಾದರಿಯ ಡಿಎನ್‌ಎ ಪರೀಕ್ಷೆಗೆ ಕೋರ್ಟನ್ನು ಕೇಳಬಹುದು. ಮಾದರಿ ನಾಶವಾಗುವ ಮೊದಲೇ ಕೇಳಿ.

ವರದಿ ಸೊನ್ನೆಯಾದರೂ ಕೇಸು ನಿಂತ ಉದಾಹರಣೆ ಪಕ್ಕದ ಕೇರಳದಲ್ಲಿದೆ. ತಿರುವನಂತಪುರದಲ್ಲಿ 2019ರ ಆಗಸ್ಟ್‌ನಲ್ಲಿ ಐಎಎಸ್ ಅಧಿಕಾರಿಯೊಬ್ಬರ ಕಾರು ಗುದ್ದಿ ಪತ್ರಕರ್ತರೊಬ್ಬರು ಸತ್ತರು. ರಕ್ತ ತೆಗೆದದ್ದು ಗಂಟೆಗಟ್ಟಲೆ ತಡವಾಗಿ, ಮದ್ಯದ ಅಂಶ ಸಿಗಲಿಲ್ಲ. ಸೆಷನ್ಸ್ ಕೋರ್ಟ್ 2022ರಲ್ಲಿ 304ನ್ನು ಕೈಬಿಟ್ಟಿತು. 2023ರಲ್ಲಿ ಕೇರಳ ಹೈಕೋರ್ಟ್ ಅದನ್ನು ಮತ್ತೆ ಸೇರಿಸಿತು, ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ. ಆರೋಪ ಸಾಬೀತಾಯಿತು ಎಂದು ಇದರ ಅರ್ಥವಲ್ಲ, ವಿಚಾರಣೆ ನಡೆಯಬೇಕು ಎಂದಷ್ಟೇ. ನಿಮಗೂ ಅಷ್ಟು ಬಾಗಿಲು ತೆರೆದಿದೆ. ಬಾರ್ ಬಿಲ್ಲು, ಯುಪಿಐ ಪಾವತಿಯ ಸಮಯ, ಬಾರಿನ ಸಿಸಿಟಿವಿ, ಮೊದಲು ಪರೀಕ್ಷಿಸಿದ ವೈದ್ಯರು ಬರೆದ ನಡಿಗೆ, ಮಾತು, ಕಣ್ಣಿನ ವಿವರ ಇವು ಬೇಕು. ಬಾಯಿ ವಾಸನೆ ಬರುತ್ತಿತ್ತು ಎಂಬ ಹೇಳಿಕೆ ಒಂದರ ಮೇಲೆ ಯಾವ ಕೋರ್ಟೂ ಶಿಕ್ಷೆ ಕೊಡುವುದಿಲ್ಲ.

ಪ್ರಶ್ನೆ (ಬಾಗೇಪಲ್ಲಿ): ಮರುದಿನ ಬೇರೊಬ್ಬ ಡ್ರೈವರ್ ಬಂದು ನಾನೇ ಓಡಿಸಿದ್ದು ಎಂದಿದ್ದಾನೆ. ತನಿಖೆ ಮಾಡುವವರೂ ಆರೋಪಿಯ ಪರಿಚಯದವರು. ನಾವು ಏನು ಮಾಡಬೇಕು?

ಉತ್ತರ: ಮೊದಲು ಗಾಡಿಯನ್ನು ನೋಡಬೇಕು. ಮೋಟಾರು ವಾಹನ ನಿರೀಕ್ಷಕರ (ಐಎಂವಿ) ವರದಿ ಆಗುವವರೆಗೂ, ಆದ ಮೇಲೂ ಗಾಡಿಯನ್ನು ಬಿಟ್ಟುಕೊಡಬಾರದು ಎಂದು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿಸಿ. ಏರ್‌ಬ್ಯಾಗ್ ತೆರೆದುಕೊಂಡಿದ್ದರೆ ಅದರ ಬಟ್ಟೆಯ ಮೇಲೆ ಮುಖದ ಚರ್ಮ, ಎಂಜಲು, ರಕ್ತ ಅಂಟಿರುತ್ತದೆ, ಅದರಿಂದ ಡಿಎನ್‌ಎ ಸಿಗುತ್ತದೆ. ಚಾಲಕನ ಸೀಟು ಹಿಂದಕ್ಕೆ ಸರಿದಿದ್ದು, ಶರಣಾದವನು ಗಿಡ್ಡನೆಯ ಆಳಾಗಿದ್ದರೆ ಅವನ ಕಾಲಿಗೆ ಬ್ರೇಕ್ ಎಟಕುತ್ತದೆಯೇ ಎಂದು ಕೇಳಬೇಕು. ಬಲಗೈ ಚಾಲನೆಯ ನಮ್ಮ ಕಾರುಗಳಲ್ಲಿ ಸೀಟ್ ಬೆಲ್ಟ್ ಚಾಲಕರ ಬಲ ಭುಜದ ಮೇಲಿಂದ ಎಡ ಸೊಂಟಕ್ಕೆ ಇಳಿಯುತ್ತದೆ, ಪಕ್ಕದವರಿಗೆ ಎಡ ಭುಜದಿಂದ. ಬೆಲ್ಟ್ ಒತ್ತಿದ ಬರೆ ಯಾವ ಭುಜದಲ್ಲಿದೆ ಎಂಬುದನ್ನು ವೈದ್ಯರು ಮೊದಲ ದಿನವೇ ಬರೆಯಬೇಕು, ಕೆಲವೇ ದಿನದಲ್ಲಿ ಅದು ಮಾಸುತ್ತದೆ. ಮಾಲೀಕರು ಯಾರು ಓಡಿಸುತ್ತಿದ್ದರು ಎಂದು ತಿಳಿಸಲೇಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 133. ಇಲಾಖೆಯ ಜೀಪಾದರೆ ಲಾಗ್ ಪುಸ್ತಕವನ್ನು ಜಪ್ತಿ ಮಾಡಿಸಿ.

ಇದರ ಜೊತೆಗೆ ಕ್ಯಾಮೆರಾ. ಬಾಗೇಪಲ್ಲಿ ಟೋಲ್ ಆಗಲಿ, ತುಮಕೂರಿನವರಿಗೆ ಕ್ಯಾತ್ಸಂದ್ರ ಟೋಲ್ ಆಗಲಿ, ದೃಶ್ಯದಲ್ಲಿ ಸ್ಟೀರಿಂಗ್ ಹಿಂದಿನ ಮುಖ ಕಾಣಬಹುದು, ಫಾಸ್ಟ್ಯಾಗ್‌ನಲ್ಲಿ ನಿಮಿಷ ಸಮೇತ ಸಮಯ ಸಿಗುತ್ತದೆ. ಅನೇಕ ಕಡೆ ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದು ದಾಖಲಾಗಿ ದೃಶ್ಯ ಅಳಿದುಹೋಗುತ್ತದೆ. ಮೂರು ದಿನದೊಳಗೆ ಟೋಲ್ ವ್ಯವಸ್ಥಾಪಕರು, ಪೆಟ್ರೋಲ್ ಬಂಕ್, ಡಾಬಾ ಎಲ್ಲರಿಗೂ ದಿನಾಂಕ ಮತ್ತು ಸಮಯ ನಮೂದಿಸಿ ದೃಶ್ಯ ಉಳಿಸಿಡಿ ಎಂದು ಸ್ಪೀಡ್ ಪೋಸ್ಟ್ ಅಂಚೆಯಲ್ಲಿ ಬರೆಯಿರಿ. ಕೊಡಿ ಎಂದರೆ ನಿಮಗೆ ಕೊಡಲಾರರು, ಉಳಿಸಿಡಿ ಎಂದು ಕೇಳುವುದಷ್ಟೇ ನಿಮ್ಮ ಕೆಲಸ. ತರಿಸಿಕೊಳ್ಳುವ ಅಧಿಕಾರ ಸುರಕ್ಷಾ ಸಂಹಿತೆಯ 94ರಂತೆ ತನಿಖಾಧಿಕಾರಿಗೂ ಕೋರ್ಟಿಗೂ ಇದೆ. ದೃಶ್ಯದ ಜೊತೆ ಅದನ್ನು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಇಲ್ಲದಿದ್ದರೆ ಕೋರ್ಟಿನಲ್ಲಿ ಅದು ನಿಲ್ಲುವುದಿಲ್ಲ. 112ಕ್ಕೆ ಮೊದಲ ಕರೆ ಬಂದ ಹೊತ್ತು, 108 ಆಂಬುಲೆನ್ಸ್ ಹೊರಟ ಹೊತ್ತು, ಆಸ್ಪತ್ರೆಯಲ್ಲಿ ಪೊಲೀಸ್ ಕೇಸಿನ ಗಾಯಾಳುಗಳನ್ನು ಬರೆಯುವ ಎಂಎಲ್‌ಸಿ ಪುಸ್ತಕದ ಹೊತ್ತು ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ಎಫ್‌ಐಆರ್ ಸಮಯದ ಪಕ್ಕ ಇಡಿ. ತಡ ಎಲ್ಲಾಯಿತು ಎಂದು ಆ ಹಾಳೆಯೇ ತೋರಿಸುತ್ತದೆ.

ತನಿಖೆ ಬೇರೆಡೆಗೆ ಹೋಗಬೇಕೆಂದರೆ ಮೊದಲು ಜಿಲ್ಲಾ ಎಸ್‌ಪಿಗೆ ಬರೆಯಿರಿ. ಕೆಜಿಎಫ್ ಭಾಗಕ್ಕೆ ಪ್ರತ್ಯೇಕ ಎಸ್‌ಪಿ ಇದ್ದಾರೆ. ಬೇರೆ ಉಪವಿಭಾಗದ ಡಿವೈಎಸ್‌ಪಿಗೆ ವಹಿಸಿ ಎಂದು ಸ್ಪಷ್ಟವಾಗಿ ಕೇಳಿ, ಪ್ರತಿಯನ್ನು ಕೇಂದ್ರ ವಲಯದ ಐಜಿಪಿಗೆ ಕಳಿಸಿ. ಎಫ್‌ಐಆರ್ ಹಾಕದೇ ಇದ್ದರೆ ಸುರಕ್ಷಾ ಸಂಹಿತೆಯ 173(4)ರಂತೆ ಎಸ್‌ಪಿಗೆ ಅಂಚೆ, ಅಲ್ಲಿಯೂ ಆಗದಿದ್ದರೆ ಅಫಿಡವಿಟ್ ಸಮೇತ 175(3)ರಂತೆ ಮ್ಯಾಜಿಸ್ಟ್ರೇಟ್. ಸಿಐಡಿಗೆ ವರ್ಗಾಯಿಸಲು ಹೈಕೋರ್ಟಿಗೆ ಹೋಗುವಾಗ ಆರೋಪಿ ಪೊಲೀಸ್ ಎಂಬುದಷ್ಟೇ ಸಾಲದು. ರಕ್ತ ತಡವಾದದ್ದು, ದೃಶ್ಯ ತರಿಸದಿದ್ದದ್ದು, ಮಹಜರಿನಲ್ಲಿ ಬಿಟ್ಟುಹೋದದ್ದು ಹೀಗೆ ದಿನಾಂಕ ಸಹಿತ ಲೋಪಗಳನ್ನು ತೋರಿಸಬೇಕು. ಆರೋಪಿಯನ್ನು ಉಳಿಸಲೆಂದೇ ಸುಳ್ಳು ದಾಖಲೆ ಬರೆದ ಸರ್ಕಾರಿ ನೌಕರರಿಗೆ ನ್ಯಾಯ ಸಂಹಿತೆಯ 256, ಸಾಕ್ಷ್ಯ ನಾಶಕ್ಕೆ 238 ಇವೆ. ತನಿಖೆಯ ಪ್ರಗತಿಯನ್ನು 90 ದಿನದೊಳಗೆ ನಿಮಗೆ ತಿಳಿಸುವುದು ತನಿಖಾಧಿಕಾರಿಯ ಕರ್ತವ್ಯ, ಕೇಳಲು ಹಿಂಜರಿಯಬೇಡಿ.

ಪ್ರಶ್ನೆ (ತಿಪಟೂರು): ಪೊಲೀಸರ ಮೇಲೆ ಕೇಸು ನಡೆಸಲು ಸರ್ಕಾರದ ಅನುಮತಿ ಬೇಕಂತೆ, ಹೌದೇ?

ಉತ್ತರ: ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕೆ ಬೇಕು. ಸುರಕ್ಷಾ ಸಂಹಿತೆಯ 218 ಮತ್ತು ಕರ್ನಾಟಕ ಪೊಲೀಸ್ ಕಾಯ್ದೆಯ 170 ಇದನ್ನೇ ಹೇಳುತ್ತವೆ. ರಜೆಯಲ್ಲಿ ಸ್ವಂತ ಕಾರು ಓಡಿಸಿದವರಿಗೆ ಈ ರಕ್ಷಣೆ ಇಲ್ಲ. ಇಲಾಖೆಯ ಜೀಪಿನಲ್ಲಿ ಕರ್ತವ್ಯದ ಮೇಲಿದ್ದರೆ ಈ ವಾದ ಬಂದೇ ಬರುತ್ತದೆ, ಆದರೆ ಕರ್ತವ್ಯಕ್ಕೂ ಆ ಕೃತ್ಯಕ್ಕೂ ಸಹಜ ಸಂಬಂಧ ಇದೆಯೇ ಎಂದು ಕೋರ್ಟ್ ನೋಡುತ್ತದೆ. ಕುಡಿದು ಓಡಿಸುವುದು ಯಾರ ಕರ್ತವ್ಯವೂ ಅಲ್ಲ. 218ರಡಿ ಅನುಮತಿ ಕೇಳಿದ್ದರೆ ಸರ್ಕಾರ 120 ದಿನದೊಳಗೆ ತೀರ್ಮಾನಿಸಬೇಕು, ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ.

ಪ್ರಶ್ನೆ (ಚಿಂತಾಮಣಿ): ಸಸ್ಪೆಂಡ್ ಮಾಡಿದ್ದೇವೆ, ಇನ್ನೇನು ಬೇಕು ಎನ್ನುತ್ತಾರೆ.

ಉತ್ತರ: ಅಮಾನತು ಶಿಕ್ಷೆಯಲ್ಲ. ಜೀವನಾಧಾರ ಭತ್ಯೆ ಬರುತ್ತಲೇ ಇರುತ್ತದೆ, ಆದೇಶ ಯಾವಾಗ ಬೇಕಾದರೂ ತೆರವಾಗಬಹುದು. ನೀವು ಕೇಳಬೇಕಾದದ್ದು 1965ರ ಪೊಲೀಸ್ ಶಿಸ್ತು ನಡವಳಿ ನಿಯಮಗಳಂತೆ ಇಲಾಖಾ ವಿಚಾರಣೆ ಶುರುವಾಗಿದೆಯೇ ಎಂಬುದನ್ನು. ಅಲ್ಲಿ ಅನುಮಾನಕ್ಕೆ ಎಡೆಯಿಲ್ಲದಷ್ಟು ಪುರಾವೆ ಬೇಕಿಲ್ಲ, ಸಾಕ್ಷ್ಯದ ತೂಕ ಯಾವ ಕಡೆ ಹೆಚ್ಚು ಎಂಬುದು ಸಾಕು. ಕ್ರಿಮಿನಲ್ ಕೇಸಿನ ಜೊತೆಗೇ ಅದೂ ನಡೆಯಬಹುದು. ಸಾಕ್ಷಿಗೆ ಕರೆ ಬಂದರೆ ತಪ್ಪದೆ ಹೋಗಿ.

ಪ್ರಶ್ನೆ (ಬಂಗಾರಪೇಟೆ): ಊರಿನ ಹಿರಿಯರನ್ನು ಕರೆದುಕೊಂಡು ರಾಜಿಗೆ ಬಂದಿದ್ದಾರೆ. ದುಡ್ಡು ತೆಗೆದುಕೊಂಡರೆ ಕೇಸು ಹೋಗುತ್ತದೆಯೇ? ಅದು ಇಲಾಖೆಯ ಜೀಪು, ಪರಿಹಾರ ಯಾರು ಕೊಡುತ್ತಾರೆ?

ಉತ್ತರ: 105 ಆಗಲಿ 106 ಆಗಲಿ ಕಾನೂನಿನಂತೆ ರಾಜಿಗೆ ಬರುವ ಅಪರಾಧಗಳಲ್ಲ. ಹಾಗಿದ್ದೂ ಯಾಕೆ ಬರುತ್ತಾರೆ ಎಂದರೆ, ಸಾಕ್ಷಿಗಳು ಕೋರ್ಟಿನಲ್ಲಿ ಮಾತು ಬದಲಿಸಲಿ ಎಂದು. ಖಾಲಿ ಛಾಪಾ ಕಾಗದಕ್ಕೆ ಯಾರೂ ಸಹಿ ಹಾಕಬೇಡಿ. ಕಣ್ಣಾರೆ ಕಂಡವರ ಹೇಳಿಕೆಯನ್ನು ಸುರಕ್ಷಾ ಸಂಹಿತೆಯ 183ರಂತೆ ಮ್ಯಾಜಿಸ್ಟ್ರೇಟರ ಮುಂದೆ ಬೇಗ ದಾಖಲಿಸಲು ಕೇಳಿ.

ಪರಿಹಾರಕ್ಕೆ ಯಾರ ಮುಲಾಜೂ ಬೇಡ, ಅದು ಬೇರೆಯೇ ಕೇಸು. ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ಕ್ಲೇಮು ನ್ಯಾಯಮಂಡಳಿಗೆ ಕೊಡಬೇಕು. ತಪ್ಪು ಯಾರದ್ದೆಂದು ಸಾಬೀತು ಮಾಡದೆಯೇ ಮೋಟಾರು ವಾಹನ ಕಾಯ್ದೆಯ 164ರಡಿ 5 ಲಕ್ಷ ರೂಪಾಯಿ ಇದೆ. ಸತ್ತವರ ದುಡಿಮೆ ಮತ್ತು ವಯಸ್ಸಿನ ಲೆಕ್ಕದಲ್ಲಿ ಹೆಚ್ಚು ಬೇಕೆಂದರೆ 166ರಡಿ ಅರ್ಜಿ ಹಾಕಿ, 6 ತಿಂಗಳು ದಾಟಿಸಬೇಡಿ. ಚಾಲಕ ಕುಡಿದಿದ್ದ ಎಂಬ ಕಾರಣಕ್ಕೆ ನಿಮ್ಮ ಹಣ ತಪ್ಪುವುದಿಲ್ಲ. ಇಂಥ ಪ್ರಕರಣಗಳಲ್ಲಿ ವಿಮೆಯವರು ಮೊದಲು ನಿಮಗೆ ಕೊಟ್ಟು ಆಮೇಲೆ ವಾಹನದ ಮಾಲೀಕರಿಂದ ವಸೂಲಿ ಮಾಡಲಿ ಎಂದು ನ್ಯಾಯಮಂಡಳಿಗಳು ಆದೇಶಿಸುತ್ತವೆ. ರಾಜ್ಯ ಸರ್ಕಾರದ ವಾಹನಗಳ ವಿಮೆ ನೋಡಿಕೊಳ್ಳುವುದು ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ಮೋಟಾರು ಶಾಖೆ. ಅರ್ಜಿಯಲ್ಲಿ ಚಾಲಕ, ವಾಹನದ ಒಡೆತನ ಹೊಂದಿದ ಇಲಾಖೆ, ಕೆಜಿಐಡಿ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರು ಬಿಟ್ಟುಹೋದರೂ ಆದೇಶದ ನಂತರ ಹಣಕ್ಕಾಗಿ ಅಲೆಯಬೇಕಾಗುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲ.