ಕಾಸರಗೋಡಿನಲ್ಲಿ ಮರದ ಮನೆ: ದುಡ್ಡು ಕಳಿಸುವ ಮುಂಚೆ ಯಾವ ಮರ ಅಂತ ಕೇಳಿ

ಡಿಸೆಂಬರ್‌ ಕೊನೆಗೆ ಅಮ್ಮ, ಹೆಂಡತಿ, ಆರು ವರ್ಷದ ಮಗಳ ಜೊತೆ ಕಾಸರಗೋಡು ಕಡೆ ಮರದ ಮೇಲೆ ಕಟ್ಟಿದ ಮನೆಯಲ್ಲಿ ಎರಡು ರಾತ್ರಿ ಉಳಿಯುವ ಯೋಚನೆ ಅಂದಿದ್ದೀರಿ. ‘ದಟ್ಟ ಕಾಡಿನ ನಡುವೆ, ಪರಿಸರಸ್ನೇಹಿ’ ಅಂತ ಜಾಹೀರಾತಿನಲ್ಲಿ ಹಾಕಿರೋದು ನಿಜವಾ, ಅಷ್ಟು ದುಡ್ಡು ಕೊಡಬಹುದಾ ಅಂತ ನಿಮ್ಮ ಪ್ರಶ್ನೆ.

ಬನ್ನಿ, ಧಾರಾಳವಾಗಿ ಬನ್ನಿ. ಆದರೆ ದುಡ್ಡು ಕಳಿಸುವ ಮುಂಚೆ ಫೋನ್ ಮಾಡಿ, ಮನೆ ಯಾವ ಮರದ ಮೇಲಿದೆ ಅಂತ ಕೇಳಿ. ಹೆಸರು ಹೇಳಲು ತಡವರಿಸಿದರೆ ಅಲ್ಲಿಗೆ ಬಿಟ್ಟುಬಿಡಿ. ಮರದ ಹೆಸರು ಗೊತ್ತಿಲ್ಲದವರು ಅದರ ಮೇಲೆ ಮನೆ ಕಟ್ಟಿದ್ದಾರೆ ಅಂದರೆ ಉಳಿದದ್ದನ್ನು ಕೇಳುವ ಅಗತ್ಯವೇ ಇಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆ. ಘಟ್ಟದ ಮೇಲಿಂದ ನೆಂಟರು ಬಂದಾಗೆಲ್ಲ ಇಂಥ ಜಾಗಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನ ತಲೆಗೇ ಬರುತ್ತದೆ. ಹಾಗಾಗಿ ಒಳ್ಳೆಯದನ್ನೂ ನೋಡಿದ್ದೇನೆ, ಸುಮ್ನೆ ಹೆಸರಿಗೆ ಇರುವುದನ್ನೂ ನೋಡಿದ್ದೇನೆ.

ಮೊದಲು ‘ದಟ್ಟ ಕಾಡು’ ವಿಷಯ. ಕೇರಳದಲ್ಲಿ 1971ರ ಕಾಯ್ದೆಯಿಂದ ಖಾಸಗಿ ಕಾಡುಗಳು ಸರಕಾರದ ಕೈಗೆ ಹೋದವು. ಹಾಗಾಗಿ ಖಾಸಗಿಯವರು ಬಾಡಿಗೆಗೆ ಕೊಡುವ ಮರದ ಮನೆ ಸಾಮಾನ್ಯವಾಗಿ ತೋಟದಲ್ಲಿರುತ್ತದೆ, ಇಲ್ಲವೇ ತೋಟದ ಹಿಂದಿನ ಗುಡ್ಡೆಯಲ್ಲಿರುತ್ತದೆ. ಈ ಎರಡಕ್ಕೂ ಅಜಗಜಾಂತರ. ಕೆಲವರು ರಬ್ಬರ್ ತೋಟದ ನಡುವೆ ನಾಲ್ಕು ಕಬ್ಬಿಣದ ಕಂಬ ನೆಟ್ಟು, ಮೇಲೆ ಕೋಣೆ ಕಟ್ಟಿ, ಕಂಬಕ್ಕೆ ಬಿದಿರು ಸುತ್ತಿ ಮರದ ಮನೆ ಅನ್ನುತ್ತಾರೆ. ಇನ್ನು ಕೆಲವು ಹಳೆಯ ಅಡಿಕೆ ಕೃಷಿಕರು ಸೊಪ್ಪಿಗೆ, ಕಟ್ಟಿಗೆಗೆ ಅಂತ ತೋಟದ ಮೇಲಿನ ಗುಡ್ಡೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಅಲ್ಲಿ ಹೆಬ್ಬಲಸು, ಕಾಟುಮಾವು, ತಾರೆ, ನೇರಳೆ, ಕಾಸರಕ, ಪುನರ್ಪುಳಿ ಎಲ್ಲ ಕಲಸಿ ಬೆಳೆದಿರುತ್ತವೆ. ನೀವು ಹುಡುಕಬೇಕಾದ್ದು ಇದನ್ನು.

ಫೋಟೋ ನೋಡಿಯೇ ಪತ್ತೆ ಮಾಡಬಹುದು. ಒಂದೇ ದಪ್ಪದ ಕಾಂಡಗಳು ಸಾಲಾಗಿ ನಿಂತಿದ್ದು, ಕಾಂಡಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟಿದ್ದು, ಕೆಳಗೆ ಚಿಪ್ಪು ನೇತಾಡುತ್ತಿದ್ದರೆ ಅದು ರಬ್ಬರ್. ಬ್ರೆಜಿಲ್ ಕಡೆಯಿಂದ ಬಂದ ಮರ. ಹಕ್ಕಿಗೆ ಬೇಕಾದ ಹಣ್ಣು ಅದರಲ್ಲಿ ಇಲ್ಲ. ಮೇಲಾಗಿ ಡಿಸೆಂಬರ್ ಕೊನೆ, ಜನವರಿಯಲ್ಲಿ ರಬ್ಬರ್ ಎಲೆ ಉದುರಿಸುತ್ತದೆ. ನೀವು ಬರುವ ಹೊತ್ತಿಗೆ ನಿಮ್ಮ ದಟ್ಟ ಕಾಡು ಬರೀ ಕಡ್ಡಿ! ರಬ್ಬರ್ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ, ಅದು ಬೇರೆ.

ಈಗ ಮನೆ ಮರಕ್ಕೆ ಹೇಗೆ ಅಂಟಿಕೊಂಡಿದೆ ಅನ್ನೋದು. ಇದನ್ನು ಯಾರೂ ಕೇಳುವುದಿಲ್ಲ, ನನಗೆ ಇದೇ ಮುಖ್ಯ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಮೈಯಲ್ಲಿ. ಕಾಂಡ ವರ್ಷ ವರ್ಷ ದಪ್ಪ ಆಗುತ್ತಾ ಹೋಗುತ್ತದೆ. ಸುತ್ತಲೂ ತಂತಿಯನ್ನೋ ಕಬ್ಬಿಣದ ಪಟ್ಟಿಯನ್ನೋ ಬಿಗಿದರೆ ಅದು ಊದಿದ ಬೆರಳಿನ ಉಂಗುರದ ಹಾಗೆ ಒಳಗೆ ಕಚ್ಚಿಕೊಳ್ಳುತ್ತದೆ. ಬೇರಿಗೆ ಹೋಗುವ ದಾರಿ ಕಟ್ಟಾಗಿ ಮರ ನಿಧಾನಕ್ಕೆ ಒಣಗುತ್ತದೆ. ಬೋಲ್ಟ್ ಹೊಡೆದಿದ್ದಾರೆ ಅಂದ ಕೂಡಲೇ ‘ಅಯ್ಯೋ ಪಾಪ’ ಅಂತೀವಿ, ಹಗ್ಗ ಕಟ್ಟಿದ್ದಾರೆ ಅಂದರೆ ಪರವಾಗಿಲ್ಲ ಅನಿಸುತ್ತದೆ. ಮರದ ಲೆಕ್ಕ ಉಲ್ಟಾ. ಒಂದು ದಪ್ಪ ಬೋಲ್ಟ್‌ನ ಗಾಯವನ್ನು ಮರ ಸುತ್ತ ಮುಚ್ಚಿಕೊಂಡು ಬೆಳೆಯುತ್ತದೆ. ಸುತ್ತು ಬಿಗಿದದ್ದನ್ನು ತಡೆದುಕೊಳ್ಳುವುದು ಕಷ್ಟ. ಅಮೆರಿಕದ ಒರೆಗಾನ್‌ನಲ್ಲಿ ಮೈಕೆಲ್ ಗಾರ್ನಿಯರ್ ಎಂಬವರು 1990ರ ದಶಕದಲ್ಲಿ ಮರದ ಮನೆಗೆ ಅಂತಲೇ ಅಂಥ ದಪ್ಪ ಬೋಲ್ಟ್ ಮಾಡಿದರು. ಈಗ ಬೇರೆ ಬೇರೆ ದೇಶಗಳಲ್ಲಿ ಅದೇ ಬಗೆಯದನ್ನು ಬಳಸುತ್ತಾರೆ.

ಹಾಗಾದರೆ ವಯನಾಡಿನ ಆದಿವಾಸಿಗಳು ಮರದ ಮೇಲೆ ಬಿದಿರಿನ ಗುಡಿಸಲು, ಏರುಮಾಡಂ, ಕಟ್ಟುತ್ತಿದ್ದರಲ್ಲ, ನಮ್ಮ ಗದ್ದೆಗಳಲ್ಲಿ ಹಂದಿ ಕಾಯಲು ಅಟ್ಟಳಿಗೆ ಇತ್ತಲ್ಲ ಅಂತ ನೀವು ಕೇಳಬಹುದು. ಅದಕ್ಕೆ ಕಟ್ಟುತ್ತಿದ್ದದ್ದು ಬಳ್ಳಿ. ಮರವನ್ನು ಬಿಗಿಯುವ ಮುಂಚೆ ಬಳ್ಳಿಯೇ ಕೊಳೆತು ಕುಂಬಾಗಿ ಹೋಗುತ್ತಿತ್ತು.

ಹೋದ ಮೇಲೆ ಮೆಟ್ಟಿಲ ಹತ್ತಿರ ನಿಂತು ನೋಡಿ. ಕಾಂಡವು ನೆಲದ ಹಲಗೆಯನ್ನು ದಾಟಿ ಮೇಲೆ ಹೋಗುವ ಕಡೆ ಸುತ್ತ ಮೂರ್ನಾಲ್ಕು ಬೆರಳು ಜಾಗ ಬಿಟ್ಟಿರಬೇಕು. ಎರಡು ಮರಕ್ಕೆ ಸೇರಿಸಿ ಕಟ್ಟಿದ್ದರೆ ತೊಲೆಯ ಒಂದು ತುದಿ ಜಾರುವ ಹಾಗಿರಬೇಕು, ಯಾಕಂದರೆ ಗಾಳಿಗೆ ಎರಡೂ ಮರ ಒಂದೇ ತಾಳಕ್ಕೆ ಕುಣಿಯುವುದಿಲ್ಲ. ಅಡೂರು ದಾರಿಯಲ್ಲಿ ನನಗೆ ಇಷ್ಟವಾದ ಒಂದು ಮನೆಯಿದೆ, ದೊಡ್ಡ ಹೆಬ್ಬಲಸಿನ ಮೇಲೆ. ಅಲ್ಲಿ ಬೋಲ್ಟ್‌ನ ಸುತ್ತ ತೊಗಟೆ ತುಟಿಯ ಹಾಗೆ ಉಬ್ಬಿ ಬಂದಿದೆ, ಮೇಲೆ ಹೊಸ ಚಿಗುರು. ಮರ ಗಟ್ಟಿಮುಟ್ಟಾಗಿದೆ ಅನ್ನಲು ಇಷ್ಟು ಸಾಕು. ಅಂದಹಾಗೆ ಮರ ಬೆಳೆದ ಹಾಗೆ ಮನೆ ಮೇಲೆ ಹೋಗುತ್ತಾ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಇಲ್ಲ. ಮರ ಉದ್ದ ಆಗುವುದು ತುದಿಯಲ್ಲಿ ಮಾತ್ರ, ಮನೆ ಇದ್ದಲ್ಲೇ ಇರುತ್ತದೆ.

ಅಡೂರು ದಾರಿಯ ಆ ಮನೆಗೆ ನೀರು ಬರುವುದು ಸುರಂಗದಿಂದ. ಬಾಯಾರು, ಶೇಣಿ, ಎಣ್ಮಕಜೆ ಕಡೆ ಹೋದರೆ ಸುರಂಗ ಇಲ್ಲದ ಹಳೆಯ ತೋಟ ಸಿಗುವುದು ಅಪರೂಪ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡಲಾಗಿ ಕೊರೆದ ಗುಹೆ ಅದು. ಒಬ್ಬ ನಿಂತು ನಡೆಯುವಷ್ಟು ಎತ್ತರ, ಅಗಲ ಎರಡು ಎರಡೂವರೆ ಅಡಿ. ಕೆಲವು 300 ಮೀಟರ್‌ವರೆಗೂ ಒಳಗೆ ಹೋಗುತ್ತವೆ. ಒಳಗಿನ ಗೋಡೆಯಿಂದ ಜಿನುಗಿದ ನೀರು ಸಣ್ಣ ಮಣ್ಣಿನ ಕಟ್ಟದ ಹಿಂದೆ ನಿಲ್ಲುತ್ತದೆ. ಅಲ್ಲಿಂದ ಪೈಪು. ಪಂಪು ಬೇಡ, ಕರೆಂಟು ಬೇಡ, ಇಳಿಜಾರಿನಲ್ಲಿ ತಾನಾಗಿ ಬರುತ್ತದೆ. ನಲ್ಲಿಯಲ್ಲಿ ಧಾರೆ ಸಣ್ಣ, ಸ್ನಾನಕ್ಕೆ ಬಕೆಟ್ ತುಂಬಲು ಕಾಯಬೇಕು. ಬೋರ್‌ವೆಲ್ ಕೊರೆಸಿ, ಮೇಲೆ ಶವರ್ ಹಾಕಿ, ಗೋಡೆಗೆ ‘ಪ್ರಕೃತಿ ಉಳಿಸಿ’ ಅಂತ ಬೋರ್ಡ್ ತಗುಲಿಸಿದ ಕಡೆಗಿಂತ ಇದು ನನಗೆ ನೂರು ಪಾಲು ಮೇಲು. ನಿಮಗೂ ಹಾಗೇ ಅನಿಸಬೇಕು ಅಂತೇನಿಲ್ಲ.

ಟಾಯ್ಲೆಟ್ ಎಲ್ಲಿ ಅಂತ ನಾಚಿಕೆ ಬಿಟ್ಟು ಕೇಳಿ. ಮೇಲೇ ಇದ್ದರೆ ಅದರ ಪೈಪು ಕೆಳಗೆ ಮುಚ್ಚಿದ ಗುಂಡಿಗೆ ಹೋಗಬೇಕು, ತೋಡಿನಿಂದ, ಅಂದರೆ ಹಳ್ಳದಿಂದ, ದೂರ ಇರಬೇಕು. ಮಾಡು ಮುಳಿಹುಲ್ಲಿನದ್ದಾದರೆ ತಂಪು, ಆದರೆ ಅದನ್ನು ಆಗಾಗ ಹೊಸದಾಗಿ ಹೊದಿಸುತ್ತಿರಬೇಕು. ಗೋಡೆ ಬಿದಿರಿನದ್ದಾದರೆ ಬೋರಾಕ್ಸ್ ನೀರಿನಲ್ಲಿ ನೆನೆಸಿದ್ದಾರಾ ಕೇಳಿ. ಇಲ್ಲವಾದರೆ ಬಿದಿರು ಕೊರೆಯುವ ಕುಟ್ಟೆ ಹುಳು ಹಿಡಿದು ರಾತ್ರಿಯಿಡೀ ಹಾಸಿಗೆ ಮೇಲೆ ಹಳದಿ ಪುಡಿ ಉದುರುತ್ತದೆ, ಬೆಳಿಗ್ಗೆ ಎದ್ದರೆ ತಲೆಯೆಲ್ಲ ಹಿಟ್ಟು.

ರಾತ್ರಿ ಸದ್ದು ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಮರ ಕಿರ್ರ್ ಅನ್ನುತ್ತದೆ. ಗಾಳಿ ಬಂದರೆ ಮಂಚ ಸ್ವಲ್ಪ ಓಲಾಡುತ್ತದೆ. ಹಣ್ಣಿನ ಕಾಲವಾದರೆ ಬಾವಲಿಗಳ ಜಗಳ. ಮಾಡಿನ ಮೇಲೆ ಯಾರೋ ಮೆಲ್ಲಗೆ ನಡೆದ ಹಾಗೆ ಕೇಳಿದರೆ ಅದು ಪುನುಗು ಬೆಕ್ಕು, ಹೆದರಬೇಡಿ. ಹೊರಗಿನ ಲೈಟು ಆರಿಸಿದರೆ ಹುಳು ಕಡಿಮೆ, ಕಾಣುವುದು ಜಾಸ್ತಿ. ಬೆಳಿಗ್ಗೆ ಗೋಳಿ ಮರ ಹಣ್ಣಾಗಿದ್ದರೆ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಬರುತ್ತದೆ. ನೆಲದಲ್ಲಿ ನಿಂತರೆ ಅದರ ಹೊಟ್ಟೆ ಮಾತ್ರ ಕಾಣುತ್ತದೆ. ಮೇಲಿನಿಂದಾದರೆ ಹಣ್ಣನ್ನು ಕೊಕ್ಕಿನ ತುದಿಯಲ್ಲಿ ಹಿಡಿದು, ಮೇಲಕ್ಕೆ ಎಸೆದು ಗಂಟಲಿಗೆ ಇಳಿಸುವುದನ್ನು ಕಣ್ಣ ಮಟ್ಟದಲ್ಲೇ ನೋಡಬಹುದು. ನೀವು ದುಡ್ಡು ಕೊಡುವುದು ಇದಕ್ಕೆ ಮಾರಾಯ್ರೆ, ಎಸಿಗಲ್ಲ.

ನೀವು ಆರಿಸಿದ ಕಾಲ ಚೆನ್ನಾಗಿದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಂದರೆ ಉಂಬಳಕ್ಕೆ ರಕ್ತ ಕೊಟ್ಟು ಒದ್ದೆ ಬಟ್ಟೆ ಹೊತ್ತು ವಾಪಸ್ ಹೋಗಬೇಕು, ಅಷ್ಟೇ. ಅದಕ್ಕಿಂತ ಅಪಾಯ ಅಕ್ಟೋಬರ್, ನವೆಂಬರ್‌ನ ಸಂಜೆ ಮಳೆ. ತುಲಾ ತಿಂಗಳ ಸಿಡಿಲು ಜೋರು, ಎತ್ತರದ ಮರದ ಮೇಲೆ ಕೂರುವ ಹೊತ್ತಲ್ಲ ಅದು. ಒಳ್ಳೆಯ ಮಾಲೀಕರು ಗುಡುಗು ಶುರುವಾದ ಕೂಡಲೇ ಕೆಳಗೆ ಕರೆಸಿಕೊಳ್ಳುತ್ತಾರೆ. ಮುಳ್ಳೇರಿಯ, ಕಾರಡ್ಕ, ದೇಲಂಪಾಡಿ ಕಡೆ ಆನೆ ಬರುವುದು ಉಂಟು. ಅದನ್ನು ತಡೆಯಲು ಸೋಲಾರ್ ತೂಗುಬೇಲಿ ಹಾಕಿದ್ದಾರೆ, ಆದರೂ ಕತ್ತಲಾದ ಮೇಲೆ ತೋಟದಲ್ಲಿ ತಿರುಗಾಡಬೇಡಿ. ಬೇಸಗೆ ರಜೆಗೆ ಇನ್ನೊಮ್ಮೆ ಬರುವ ಆಸೆ ಆದರೆ ಹಲಸಿನ ಮರದ ಮೇಲಿನ ಮನೆ ಬೇಡ. ಹಣ್ಣಿನ ವಾಸನೆಗೆ ಆನೆ ನೇರ ಬುಡಕ್ಕೇ ಬರುತ್ತದೆ.

ಅಮ್ಮನಿಗೆ ಗಂಟು ನೋವು ಇದ್ದರೆ ಮೇಲೆ ಮಲಗಿಸಬೇಡಿ. ಹಗಲು ಒಮ್ಮೆ ಹತ್ತಿ ಕೂತು ಚಾ ಕುಡಿದು ಇಳಿಯಲಿ. ಇಂಥ ಕಡೆ ಹೆಚ್ಚಾಗಿ ಮಾಲೀಕರ ಮನೆಯಲ್ಲೇ ಒಂದು ಕೋಣೆ ಸಿಗುತ್ತದೆ. ಮನೆಯಾಕೆಯ ಜೊತೆ ಕನ್ನಡದಲ್ಲೇ ಹರಟಬಹುದು, ಕುಚ್ಚಿಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ ನೆಂಚಿಕೊಳ್ಳಬಹುದು. ಅಮ್ಮನಿಗೆ ಅದೇ ಖುಷಿ ಆಗುತ್ತದೆ ನೋಡಿ. ಮಗಳಿಗೆ ಕಟಾಂಜನ ಎಷ್ಟು ಎತ್ತರ ಇದೆ, ಸರಳಿನ ನಡುವೆ ತಲೆ ನುಗ್ಗುತ್ತದಾ ಅಂತ ಮೊದಲು ನೋಡಿ. ಮತ್ತೆ ಕಾಸರಕ ಮರದ ಕೆಳಗೆ ಬಿದ್ದ ಕಿತ್ತಳೆ ಬಣ್ಣದ ಹಣ್ಣು ನೋಡಲು ಚೆಂದ, ಮಕ್ಕಳ ಕೈ ಅಲ್ಲಿಗೇ ಹೋಗುತ್ತದೆ. ಅದರ ಬೀಜ ಕಡು ವಿಷ. ಒಂದನ್ನೂ ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ.

ನಿಜವಾದ ದಟ್ಟ ಕಾಡೇ ಬೇಕು ಅಂದರೆ ನಡುವಿನ ಹಗಲು ನಮ್ಮ ಜಿಲ್ಲೆಯದೇ ಆದ ರಾಣಿಪುರ ಬೆಟ್ಟಕ್ಕೆ ಹೋಗಿ ಬನ್ನಿ. ಆಚೆ ಬದಿಗೆ ತಲಕಾವೇರಿ ಅಭಯಾರಣ್ಯ, ಈಚೆ ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡು, ಮೇಲೆ ಹುಲ್ಲುಗಾವಲು. ಅರಣ್ಯ ಇಲಾಖೆಯ ಟಿಕೆಟ್ ತೆಗೆದುಕೊಂಡು ಹತ್ತಬೇಕು. ಆನೆ ಹತ್ತಿರ ಇದ್ದ ದಿನ ಬಿಡುವುದಿಲ್ಲ, ಹೊರಡುವ ಮುಂಚೆ ಮಾಲೀಕರ ಹತ್ತಿರವೇ ವಿಚಾರಿಸಿ. ಸಂಜೆ ಬೆಳಕಿರುವಾಗಲೇ ವಾಪಸ್ ಬನ್ನಿ, ಈ ಕಡೆಯ ತಿರುವುಗಳು ಹೊಸಬರಿಗೆ ಕತ್ತಲಲ್ಲಿ ಕಷ್ಟ.