ಊರಿಗೆ ಪವನಚಕ್ಕಿ ಬರಲಿದೆ, ಯಾರ ಮಾತು ನಂಬಬೇಕು?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ಕಡೆಯ ನಿಮ್ಮೂರಿಗೆ ಗಾಳಿ ವಿದ್ಯುತ್ ಕಂಪನಿ ಬಂದಿದೆ. ಅವರು ಎಲ್ಲಾ ಒಳ್ಳೆಯದೇ ಅನ್ನುತ್ತಾರೆ, ವಾಟ್ಸಾಪಿನಲ್ಲಿ ಮಳೆಯೇ ಹೋಗುತ್ತದೆ ಅಂತ ಬರುತ್ತಿದೆ. ಯಾರನ್ನು ನಂಬಲಿ, ಊರವರು ಯಾವಾಗ ಮಾತಾಡಬೇಕು ಅಂತ ಕೇಳಿದ್ದೀರಿ.

ನಾನು ಗದಗಿನವನು. ಪುಣೆಯಲ್ಲಿದ್ದುಕೊಂಡು ಗಾಳಿ ಅಳೆಯುವ ಕೆಲಸಕ್ಕೆ ಸಾತಾರಾ, ಸಾಂಗ್ಲಿ ಸುತ್ತುತ್ತೇನೆ. ಮಾತಾಡುವ ಹೊತ್ತು ಈಗಲೇ, ಸಾತ್‌ಬಾರಾ (ಜಮೀನಿನ ಪಹಣಿ) ಹಿಡಿದು ಸಹಿ ಹಾಕುವ ಮುಂಚೆ. ಯಾವ ಯೋಜನೆಗೆ ಪರಿಸರ ಅನುಮತಿ ಬೇಕು ಅಂತ ಹೇಳುವ 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲ. ಹಾಗಾಗಿ ಅದರಡಿ ನಡೆಯುವ ಸಾರ್ವಜನಿಕ ವಿಚಾರಣೆಯೂ ಇಲ್ಲ. ನಿಮ್ಮನ್ನು ಯಾರೂ ಕರೆದು ಕೇಳುವುದಿಲ್ಲ, ಕಂಪನಿಯವರನ್ನು ಗ್ರಾಮಸಭೆಗೆ ನೀವೇ ಕರೆಸಬೇಕು. ಗಾಳಿ ಅಳೆಯುವ ಕಂಬ ನೆಟ್ಟಿದ್ದಾರೆ ಅಂದರೆ ಲೆಕ್ಕ ಇನ್ನೂ ನಡೆಯುತ್ತಿದೆ, ಫ್ಯಾನಿನ ಜಾಗ ಇನ್ನೂ ಅತ್ತಿತ್ತ ಸರಿಸಬಹುದು.

ಮಳೆಯ ಮಾತು ಸುಳ್ಳು. ಸಾತಾರಾದ ಚಾಳಕೇವಾಡಿ ಬಯಲಿನ ತುಂಬ ಪವನಚಕ್ಕಿ ನಿಂತಿವೆ, ಪಕ್ಕದ ಠೋಸೆಘರ್ ಜಲಪಾತ ಪ್ರತಿ ಮಳೆಗಾಲ ಧುಮುಕುತ್ತಲೇ ಇದೆ. ಜತ್ತ ಇರುವುದು ಸಹ್ಯಾದ್ರಿಯ ಮಳೆನೆರಳಿನಲ್ಲಿ. ಬರ ಅಲ್ಲಿ ಫ್ಯಾನಿಗಿಂತ ಹಳೆಯದು. ಆದರೆ ಇದನ್ನು ಹೇಳುವಾಗ ದಯವಿಟ್ಟು ಯಾರನ್ನೂ ಮೂಢರು ಅನ್ನಬೇಡಿ. ಎರಡು ವರ್ಷ ಬೆಳೆ ಕಳಕೊಂಡವನಿಗೆ ಕಾರಣ ಬೇಕಾಗಿರುತ್ತದೆ.

ಕಂಪನಿಯವರು ಬಾಯಿಬಿಡದ ಸಂಗತಿಯೂ ಅದೇ ಚಾಳಕೇವಾಡಿಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಜೊತೆಗಾರರು ಅಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಫ್ಯಾನು ಇರುವ ಕಡೆ ಹದ್ದು, ಗಿಡುಗದಂಥ ಬೇಟೆ ಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ, ಅವು ತಿನ್ನುವ ಹಲ್ಲಿ ಹೆಚ್ಚು. ನಾನು ಗಾಳಿ ವಿದ್ಯುತ್ತಿನ ಪರವೇ. ಆದರೂ ಇಂಥದ್ದನ್ನು ಮುಚ್ಚಿಟ್ಟವರ ಉಳಿದ ಮಾತನ್ನು ಜನ ಹೇಗೆ ನಂಬುತ್ತಾರೆ?

ಇನ್ನು ಸದ್ದು. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಲ್ಲಿ ಯಾವುದೇ ಮನೆಯಿಂದ 500 ಮೀಟರ್ ಒಳಗೆ ಯಂತ್ರ ನಿಲ್ಲಿಸಬಾರದು ಅಂತಿತ್ತು. ನಿಮ್ಮ ಕಡೆಯ ಒಂದೂರಲ್ಲಿ ಕಂಪನಿಯವರು ಇಂಗ್ಲಿಷ್ ನಕ್ಷೆಯನ್ನು ಗೋಡೆ ಮೇಲೆ ತೋರಿಸಿ, ಮರಾಠಿಯಲ್ಲಿ ವಿವರಿಸಿದರು. ಕೂತವರಲ್ಲಿ ಮುಕ್ಕಾಲು ಜನ ಕನ್ನಡದವರು. ಹಿಂದೆ ಕೂತಿದ್ದ ಒಬ್ಬ ಅಜ್ಜಿ ನನ್ನ ಕನ್ನಡ ಕೇಳಿ ಹತ್ತಿರ ಕರೆದಳು. "ತಮ್ಮಾ, ಇದರಾಗ ನಮ್ಮ ಮನಿ ಎಲ್ಲೈತಿ ತೋರ್ಸು."

ನಕ್ಷೆಯಲ್ಲಿ ಅವಳ ಮನೆ ಇರಲೇ ಇಲ್ಲ. 500 ಮೀಟರ್ ಅಳೆದದ್ದು ಊರಿನ ಗಡಿಯಿಂದ. ಹೊಲದಲ್ಲಿ ಮನೆ ಕಟ್ಟಿಕೊಂಡವರು ಲೆಕ್ಕಕ್ಕೇ ಬಂದಿರಲಿಲ್ಲ. ಮರುದಿನ ಜಿಪಿಎಸ್ ಹಿಡಿದು ಅವಳ ಜೊತೆ ನಡೆದೆವು. ಅವಳ ದನದ ಕೊಟ್ಟಿಗೆಯಿಂದ ಯಂತ್ರದ ಜಾಗಕ್ಕೆ ನೆಟ್ಟ ಗೂಟಕ್ಕೆ 310 ಮೀಟರ್. ದಾರಿಯಲ್ಲಿ, ಮಳೆ ಬಂದರೆ ಹಳ್ಳ ಯಾವ ಕಡೆ ಹೊರಳುತ್ತದೆ ಅಂತಲೂ ತೋರಿಸಿದಳು. ರಸ್ತೆಯ ನಕ್ಷೆ ನೇರ ಅದರ ಮೇಲೇ ಹೋಗಿತ್ತು.

ಆಮೇಲೆ ಊರಿನ ಹನ್ನೆರಡು ಜನರನ್ನು ಕರಕೊಂಡು ಹೋಗಿ ಓಡುತ್ತಿರುವ ಫ್ಯಾನಿನ ಹತ್ತಿರ ರಾತ್ರಿ ಹೊತ್ತು ನಿಂತೆವು. "ಮೊರದಾಗ ಜ್ವಾಳ ಕೇರಿದಂಗ ಕೇಳ್ತದ," ಅಂದಳು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು, "ಖರೆ, ಕೇರೂದು ಮುಗಿಯಂಗಿಲ್ಲ." ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬಲ್ ಮಿತಿ ಅಂತ ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಅದರ ಅರ್ಥ ನನ್ನ ತಲೆಗೆ ಹೋದದ್ದು ಆ ರಾತ್ರಿ. ಕೊನೆಗೆ ಆ ಒಂದು ಯಂತ್ರ ಜಾಗ ಬದಲಿಸಿತು, ಉಳಿದವಕ್ಕೆ ಊರು ಒಪ್ಪಿತು.

ಹಣದ ಬಗ್ಗೆ ಒಂದೇ ಮಾತು. ಬಾಡಿಗೆ ಜಮೀನಿನವನಿಗೆ, ಸದ್ದು ಪಕ್ಕದವನಿಗೆ. ಪಕ್ಕದವನಿಗೇನು ಅಂತ ಸಭೆಯಲ್ಲೇ ಬರೆಸಿಕೊಳ್ಳಿ.

ನೀವು ಮೊದಲು ಪ್ರತಿ ಯಂತ್ರದ ಜಾಗ ಗುರುತಿಸಿದ ನಕ್ಷೆಯನ್ನು ಕನ್ನಡದಲ್ಲಿ ಕೇಳಿ. ಹೊಲದ ಮನೆ, ಬಾವಿ, ಹಳ್ಳ, ದನದ ದಾರಿ ಎಲ್ಲವನ್ನೂ ಅದರ ಮೇಲೆ ನೀವೇ ಬರೆಯಿರಿ. ಬರೆದಾದ ಮೇಲೆ ಫೋಟೋ ಇಲ್ಲಿ ಹಾಕಿ, ದೂರಗಳನ್ನು ನಾನು ಅಳೆದು ಹೇಳುತ್ತೇನೆ.